*ಇಂದಿನ ಧಮ್ಮ ಚಿಂತನೆ: ಮುಚ್ಚಿದ ಮುಷ್ಟಿ*





ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಪಂಡಿತನಲ್ಲ. ಜಮಖಂಡಿಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ವಾರದಲ್ಲಿ ಒಂದು ದಿನ ಅಂಗಡಿ ಮುಚ್ಚಿ, ಒಂದು ಚೀಲದಲ್ಲಿ ಸ್ಕ್ರೂಡ್ರೈವರ್, ಪೆನ್‌ಡ್ರೈವ್, ಹಳೇ ಲ್ಯಾಪ್‌ಟಾಪ್ ಹಾಕಿಕೊಂಡು ಬೈಕಿನ ಮೇಲೆ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೋಗುತ್ತೇನೆ. ಅಲ್ಲಿ ನಮ್ಮ ಸಣ್ಣ ಸಣ್ಣ ಸಂಘಗಳಿವೆ. ಮಹಿಳೆಯರ ಉಳಿತಾಯ ಸಂಘ, ಯುವಕ ಸಂಘ, ವಿಹಾರದ ಸಮಿತಿ, ಮಕ್ಕಳಿಗೆ ಸಂಜೆ ಪಾಠ ಹೇಳುವ ಗುಂಪು. ಸಂಬಳ ಕೊಟ್ಟು ಕಂಪ್ಯೂಟರ್ ಬಲ್ಲವರನ್ನು ಇಟ್ಟುಕೊಳ್ಳುವ ಶಕ್ತಿ ಇವು ಯಾವುದಕ್ಕೂ ಇಲ್ಲ. ಪ್ರಿಂಟರ್ ನಿಂತರೆ ಅವರ ಕೆಲಸವೂ ನಿಲ್ಲುತ್ತದೆ.

ಇಂಥ ತಿರುಗಾಟ ನನ್ನೊಬ್ಬನದೇ ಅಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಸಣ್ಣ ಸೇವಾ ಸಂಸ್ಥೆಗಳ ಬಾಗಿಲಿಗೇ ಹೋಗಿ ಕಂಪ್ಯೂಟರ್ ಕಲಿಸುವವರು ಹುಟ್ಟಿಕೊಂಡರು. ಹಿಂದೆ ಕುದುರೆ ಏರಿ ಊರೂರು ಸುತ್ತುತ್ತಿದ್ದ ಬೋಧಕರ ಹೆಸರನ್ನೇ ಅವರಿಗೂ ಇಟ್ಟರು. ನಮ್ಮ ಬೆಂಗಳೂರಿನಲ್ಲಿ 1998ರಲ್ಲಿ ಸುನಿಲ್ ಅಬ್ರಹಾಂ ಅವರು 'ಮಾಹಿತಿ' ಎಂಬ ಸಂಸ್ಥೆ ಕಟ್ಟಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಕಂಪ್ಯೂಟರಿನ ಖರ್ಚು, ತೊಡಕು ಎರಡೂ ಕಡಿಮೆಯಾಗಲಿ ಎಂದು ಮುಕ್ತ ತಂತ್ರಾಂಶ ಬಳಸುವ ದಾರಿ ಹಿಡಿದರು.

ನನಗಂತೂ ಇದಕ್ಕಿಂತ ಬಹಳ ಹಳೆಯ ತಿರುಗಾಟವೊಂದು ನೆನಪಾಗುತ್ತಿತ್ತು. ಸಾರನಾಥದಲ್ಲಿ ಮೊದಲ ಮಳೆಗಾಲ ಮುಗಿದ ಮೇಲೆ ಭಗವಾನರು ಅರವತ್ತು ಮಂದಿ ಭಿಕ್ಖುಗಳನ್ನು ಲೋಕಕ್ಕೆ ಕಳಿಸಿದರು. ಬಹುಜನರ ಒಳಿತಿಗಾಗಿ ನಡೆಯಿರಿ, ಇಬ್ಬರು ಒಂದೇ ದಾರಿ ಹಿಡಿಯಬೇಡಿ ಎಂದು ಹೇಳಿದರು. ಬೈಕ್ ಸ್ಟಾರ್ಟ್ ಮಾಡುವಾಗ ನಾನೂ ಆ ಸಾಲಿನವನೇ ಅನಿಸಿ ಎದೆ ಉಬ್ಬುತ್ತಿತ್ತು. ಆ ಉಬ್ಬಿದ ಎದೆಯ ಕಥೆಯನ್ನೇ ಇವತ್ತು ಹೇಳಬೇಕಾಗಿದೆ.

ಒಂದು ಊರಿನ ಮಹಿಳಾ ಸಂಘದವರು ಕೇರಿಯ ಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಿಸುತ್ತಿದ್ದರು. ಆಧಾರ್ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಷ್ಟೆಲ್ಲ ಕೂಡಿಸಿದ ಮೇಲೆ ಮೊಬೈಲಿಗೆ ಒಟಿಪಿ ಬರಬೇಕು. ಸಂಘದ ಹಿರಿಯ ಅಕ್ಕ ಪಕ್ಕದಲ್ಲಿ ಕುಳಿತು ಕೇಳಿದರು: "ತಮ್ಮಾ, ಇದು ಹೆಂಗ ಮಾಡೂದು ಅಂತ ನನಗೂ ಒಂದೀಟು ತೋರಸು."

ನಾನು ಅಂದೆ: "ಅಕ್ಕಾರ, ಇದು ನಿಮಗ ತಿಳಿಯಂಗಿಲ್ಲ. ನನಗ ಬಿಡ್ರಿ."

ಕೆಲಸ ಬೇಗ ಮುಗಿಯಲಿ ಎಂದು ಎಲ್ಲ ಅರ್ಜಿಗಳಿಗೂ ನನ್ನ ಮೊಬೈಲ್ ನಂಬರನ್ನೇ ಕೊಟ್ಟೆ. ಪಾಸ್‌ವರ್ಡ್‌ಗಳನ್ನು ನನ್ನ ಫೋನಿನಲ್ಲೇ ಬರೆದುಕೊಂಡೆ. ಅಕ್ಕ ಚಹಾ ಕೊಟ್ಟು ಕೈಮುಗಿದರು. ನಾನು ಖುಷಿಯಿಂದ ಮನೆಗೆ ಬಂದೆ.

ಮುಂದೆ ಒಬ್ಬ ಹುಡುಗಿಯ ಅರ್ಜಿಯಲ್ಲಿ ತಿದ್ದುಪಡಿ ಬಂತು. ಕೊನೆಯ ದಿನಾಂಕಕ್ಕೆ ಮೂರು ದಿನ ಉಳಿದಿತ್ತು. ಆಗ ನಾನು ತಾಯಿಯನ್ನು ಕರೆದುಕೊಂಡು ಮಿರಜಿನ ಆಸ್ಪತ್ರೆಯಲ್ಲಿದ್ದೆ, ಫೋನ್ ಬಂದ್ ಆಗಿತ್ತು. ಸಂಘದವರು ಎಷ್ಟು ಸಲ ಹಚ್ಚಿದರೋ ಏನೋ. ಸೈಬರ್ ಅಂಗಡಿಗೆ ಹೋದರೆ ಅವನಾದರೂ ಏನು ಮಾಡಿಯಾನು? ಒಟಿಪಿ ಬರುವುದು ನನ್ನ ಫೋನಿಗೆ. ದಿನಾಂಕ ಮುಗಿದು ಹೋಯಿತು. ಆ ವರ್ಷ ಆ ಹುಡುಗಿಯ ಅವ್ವ ಕಿವಿಯ ಬೆಂಡೋಲೆ ಅಡವಿಟ್ಟು ಕಾಲೇಜಿನ ಫೀ ತುಂಬಿದಳು.

ನಾನು ಹೋಗಿ ತಲೆ ತಗ್ಗಿಸಿ ನಿಂತೆ. ಅಕ್ಕ ಬೈಯಲಿಲ್ಲ. "ತಪ್ಪು ನಿಂದಲ್ಲ ಬಿಡು ತಮ್ಮಾ. ನಮಗ ತಿಳಿಯಂಗಿಲ್ಲ ಅಂತ ನೀನು ಮೊದಲs ಹೇಳಿದ್ದಿ," ಅಂದರು.

ಬಂಧುಗಳೇ, ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ಇದು ನಿಮಗೆ ತಿಳಿಯುವುದಿಲ್ಲ, ನಮಗೆ ಬಿಡಿ." ನಮ್ಮ ಅಜ್ಜ ಮುತ್ತಜ್ಜಂದಿರು ಎಷ್ಟು ತಲೆಮಾರು ಕೇಳಿದ ಮಾತು ಇದು! ಅಕ್ಷರ ನಿಮಗಲ್ಲ, ಲೆಕ್ಕ ನಿಮಗಲ್ಲ, ಕಾಗದ ನಾವು ಓದುತ್ತೇವೆ, ನೀವು ಹೆಬ್ಬೆಟ್ಟು ಒತ್ತಿರಿ. ಅದೇ ಮಾತನ್ನು ಎದೆಯ ಮೇಲೆ ನೀಲಿ ಬ್ಯಾಡ್ಜ್ ಹಚ್ಚಿಕೊಂಡ ನಾನು ನನ್ನ ಅಕ್ಕನಿಗೇ ಹೇಳಿದ್ದೆ. ಅದೂ ಸೇವೆಯ ಹೆಸರಿನಲ್ಲಿ.

ಆ ರಾತ್ರಿ ಮಹಾಪರಿನಿಬ್ಬಾಣ ಸುತ್ತ ತೆಗೆದೆ. ಕೊನೆಯ ಮಳೆಗಾಲ. ವೈಶಾಲಿಯ ಹತ್ತಿರದ ಬೇಲುವ ಎಂಬ ಹಳ್ಳಿಯಲ್ಲಿ ಭಗವಾನರಿಗೆ ಬೇನೆ ಬಂದಿದೆ. ಸಂಘಕ್ಕೆ ಕೊನೆಯ ಮಾತು ಹೇಳದೆ ಹೋಗಲಾರರು ಎಂದು ಆನಂದ ನಂಬಿಕೊಂಡಿದ್ದಾನೆ. ಆಗ ಭಗವಾನರು ಅವನಿಗೆ ತಿಳಿಸುವುದು ಇಷ್ಟು: ನಾನು ಒಳಗಿನವರಿಗೊಂದು ಹೊರಗಿನವರಿಗೊಂದು ಎಂದು ಭೇದ ಮಾಡಿ ಕಲಿಸಿದವನಲ್ಲ. ಏನನ್ನೋ ಬಚ್ಚಿಟ್ಟುಕೊಳ್ಳುವ ಗುರುವಿನ ಮುಚ್ಚಿದ ಮುಷ್ಟಿ ನನ್ನಲ್ಲಿ ಇಲ್ಲ. ಸಂಘ ನನ್ನನ್ನೇ ಆತುಕೊಂಡಿರಬೇಕು ಎಂದು ನಾನು ಎಣಿಸಿಲ್ಲ. ಆಮೇಲೆ ತಮ್ಮ ಬೆಳಕಿನಲ್ಲಿ ತಾವೇ ನಡೆಯಲು, ಧಮ್ಮವನ್ನೇ ಆಸರೆ ಮಾಡಿಕೊಳ್ಳಲು ಹೇಳುತ್ತಾರೆ.

ನನ್ನ ಮುಷ್ಟಿಯಲ್ಲಿ ಏನಿತ್ತು? ಹತ್ತಾರು ಮಕ್ಕಳ ಪಾಸ್‌ವರ್ಡ್. ಅದನ್ನು ನಾನು ದಾನ ಎಂದುಕೊಂಡಿದ್ದೆ. ಪಡೆದವರು ಮತ್ತೆ ಮತ್ತೆ ನಮ್ಮ ಬಾಗಿಲಿಗೇ ಬಂದು ನಿಲ್ಲಬೇಕಾದರೆ ಅದು ದಾನವಲ್ಲ, ಯಜಮಾನಿಕೆ.

ಬಾಬಾಸಾಹೇಬರು 1924ರ ಜುಲೈ 20ರಂದು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದೂ ಒಂದು ಸಣ್ಣ ಸಂಘವೇ. ಮರುವರ್ಷ ನಮಗೆ ಹತ್ತಿರದ ಸೊಲ್ಲಾಪುರದಲ್ಲಿ ಅದು ವಿದ್ಯಾರ್ಥಿನಿಲಯ ತೆರೆಯಿತು. ಶಿಕ್ಷಣ, ಹೋರಾಟ, ಸಂಘಟನೆ ಎಂಬ ಮೂರು ಮಾತಿನಲ್ಲಿ ಶಿಕ್ಷಣವೇ ಮೊದಲು ಬರುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ರಾಜಕೀಯದಲ್ಲಿ ವ್ಯಕ್ತಿಪೂಜೆ ಪತನದ ದಾರಿ ಎಂದು ಅವರು ಎಚ್ಚರಿಸಿದರು. ದೊಡ್ಡ ನಾಯಕರ ವಿಷಯದಲ್ಲೇ ಹೀಗಾದರೆ, ಮೊಬೈಲ್ ರಿಪೇರಿಯವನನ್ನು ದೇವರು ಮಾಡಿಕೊಂಡ ಸಂಘದ ಗತಿ ಏನು?

ಅಂದಿನಿಂದ ನನ್ನ ತಿರುಗಾಟದ ರೀತಿ ಬದಲಾಯಿತು.

*ಒಂದು:* ಅರ್ಜಿಗೆ ವಿದ್ಯಾರ್ಥಿಯ ಮನೆಯ ನಂಬರೇ ಹೋಗಬೇಕು. ಸಂಘದ ಇಮೇಲ್‌ಗೆ ಸಂಘದ ನಂಬರ್. ಸಂಘದ ಪಾಸ್‌ವರ್ಡ್ ಒಂದು ವಹಿಯಲ್ಲಿ ಬರೆದು ತಿಜೋರಿಯಲ್ಲಿ ಇಡಬೇಕು, ಇಬ್ಬರು ಪದಾಧಿಕಾರಿಗಳಿಗೆ ಗೊತ್ತಿರಬೇಕು. ನನಗೆ ಗೊತ್ತಿರಬಾರದು.

*ಎರಡು:* ಮೌಸ್ ನನ್ನ ಕೈಯಲ್ಲಿ ಇರಬಾರದು. ಕಲಿಯುವವರ ಕೈಯಲ್ಲಿ ಇರಬೇಕು. ಹತ್ತು ನಿಮಿಷದ ಕೆಲಸಕ್ಕೆ ಒಂದು ತಾಸು ಹಿಡಿಯುತ್ತದೆ. ಹಿಡಿಯಲಿ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಮಕ್ಕಳಿಗೆ ನೇಯ್ಗೆ ಕಲಿಸಿದವರು ಲಾಳಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಕಲಿಸಿದರೇನು?

*ಮೂರು:* ಎಲ್ಲವೂ ಅನಿಚ್ಚ ಎಂದು ಬಾಯಲ್ಲಿ ಹೇಳಿದರೆ ಸಾಲದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದ್ದನ್ನು ನಾವು ಕಂಡಿದ್ದೇವೆ. ನೀರಿಗೆ ನಮ್ಮ ಠರಾವು ಪುಸ್ತಕ ಯಾವುದು, ರದ್ದಿ ಯಾವುದು ಗೊತ್ತಿಲ್ಲ. ನೋಂದಣಿ ಪತ್ರ, ಲೆಕ್ಕಪತ್ರಗಳ ಫೋಟೊ ಎರಡು ಬೇರೆ ಜಾಗದಲ್ಲಿ ಇರಬೇಕು.

*ನಾಲ್ಕು:* ಕಲಿಸುವುದು ನಮ್ಮ ಮಾತಿನಲ್ಲೇ ಆಗಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಮನವಿ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದು ನಿಮಗೆ ಗೊತ್ತಿದೆ. ಅಕ್ಷರ ಕೂತದ್ದು ಬೇರೆ ಗುರುತಿನಲ್ಲಿ, ಮೊಬೈಲ್ ಓದುವುದು ಯೂನಿಕೋಡ್. ಯೂನಿಕೋಡ್‌ನಲ್ಲಿ ಬರೆದರೆ ಎಲ್ಲರ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಅಣ್ಣತಮ್ಮ ಭಿಕ್ಖುಗಳು ಬುದ್ಧವಚನವನ್ನು ಛಂದಸ್ಸಿಗೆ ಏರಿಸೋಣವೇ ಎಂದು ಕೇಳಿದಾಗ ಭಗವಾನರು ಒಪ್ಪಲಿಲ್ಲ. ಅವರವರ ನುಡಿಯಲ್ಲೇ ಕಲಿಯಲಿ ಎಂದರು.

ಬಂಧುಗಳೇ, ಇದು ಕಂಪ್ಯೂಟರಿನ ಮಾತು ಮಾತ್ರ ಎಂದುಕೊಳ್ಳಬೇಡಿ. ವಿಹಾರದ ಕೀಲಿ ಒಬ್ಬರ ಜೇಬಿನಲ್ಲೇ ಇದೆಯೇ? ವಂದನೆ ಹೇಳಿಕೊಡುವುದು ಒಬ್ಬರಿಗೇ ಬರುತ್ತದೆಯೇ? ಪಾಸ್‌ಬುಕ್ ಅಧ್ಯಕ್ಷರ ಮನೆಯಲ್ಲೇ ಇದೆಯೇ? ಮನೆಯಲ್ಲಿ ಹೆಂಡತಿಯ ಎಟಿಎಂ ಪಿನ್ ಗಂಡನಿಗೆ ಮಾತ್ರ ಗೊತ್ತಿದೆಯೇ? ಇವೆಲ್ಲವೂ ಮುಚ್ಚಿದ ಮುಷ್ಟಿಗಳೇ. ಭಗವಾನರು ತಮ್ಮ ನಂತರ ಉತ್ತರಾಧಿಕಾರಿಯನ್ನೇ ನೇಮಿಸಲಿಲ್ಲ, ಧಮ್ಮವೇ ಉತ್ತರಾಧಿಕಾರಿ ಎಂದರು. ನಮ್ಮ ಸಂಘದ ಸಣ್ಣ ಕೀಲಿಯನ್ನು ಬಿಟ್ಟುಕೊಡಲು ನಮಗೇಕೆ ಇಷ್ಟು ಕಷ್ಟ?

ಆ ಅಕ್ಕ ಈಗ ತಾವೇ ಅರ್ಜಿ ಹಾಕಿಸುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಹೋದ ಸಲ ನಾನು ಹೋದಾಗ ತಲೆ ಎತ್ತಲಿಲ್ಲ. "ಕುಂದರು ತಮ್ಮಾ, ಕೆಲಸ ಐತಿ," ಅಂದರು. ಆವತ್ತು ಅಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಚಹಾ ಕುಡಿದು ಬಂದೆ. ಇಷ್ಟು ದಿನದ ತಿರುಗಾಟದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ದಿನ ಬೇರೆ ಇಲ್ಲ.

*ಇಂದಿನ ಅಭ್ಯಾಸ:* ನಿಮಗೊಬ್ಬರಿಗೇ ಗೊತ್ತಿರುವ ಒಂದು ಕೆಲಸವನ್ನು ಇವತ್ತು ಇನ್ನೊಬ್ಬರ ಕೈಯಿಂದ ಮಾಡಿಸಿ. ಅವರು ತಪ್ಪಿದರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತಿರಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 💙

_(ಓದಿದ ಮೇಲೆ ನಿಮ್ಮ ಕೇರಿಯ ಗುಂಪಿಗೂ ಕಳಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.)_