ಧಾರೆ ಎಂಬ ಮಾತು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಪ್ರಸಿದ್ಧವಾದುದು. ಅಲ್ಲಿಯ ಮನೆಗಳಿಂದ ವಿಗ್ರಹಗಳು ದೂರದೂರದ ದೇವಾಲಯಗಳಿಗೆ ಹೊರಡುತ್ತವೆ. ಎಲ್ಲ ಊರುಗಳಲ್ಲಿರುವಂತೆ ಹೆಣ್ಣುಮಕ್ಕಳೂ ಅತ್ತೆಯ ಮನೆಗೆ ಹೊರಡುತ್ತಾರೆ. ಬೆಲೆ ಪಡೆದು ಕೊಟ್ಟ ವಿಗ್ರಹದ ಮೇಲೆ ಶಿಲ್ಪಿಗೆ ಸ್ವಾಮ್ಯವಿಲ್ಲ. ಧಾರೆಯೆರೆದು ಕೊಟ್ಟ ಮಗಳಿಗೂ ತೌರಿಗೂ ಇರುವ ಸಂಬಂಧವು ಅಂತೆಯೇ ತೀರುವುದೇ? ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆಯು ತೀರುವುದೆಂದೇ ಹೇಳುತ್ತದೆ. ಆ ಗಾದೆಗೆ ಆಧಾರವೆಂದು ತೋರುವ ಧಾರೆಯೆಂಬ ಮಾತನ್ನೇ ಮೊದಲು ವಿಚಾರಿಸುವುದು ಯುಕ್ತವಾಗಿದೆ.

ಇದು ಸಂಸ್ಕೃತದ ‘ಧಾರಾ’ ಶಬ್ದವು ಕನ್ನಡದಲ್ಲಿ ಎಕಾರಾಂತವಾದ ರೂಪ. ಎಡೆಬಿಡದೆ ಬೀಳುವ ನೀರೆಂಬುದು ಒಂದು ಅರ್ಥ, ಆಯುಧದ ಅಲಗೆಂಬುದು ಮತ್ತೊಂದು. ಪಾಣಿನೀಯರು ಈ ಶಬ್ದವನ್ನು ಭಿದಾದಿಗಣದಲ್ಲಿ ಸೇರಿಸಿ, ಹಿಡಿಯುವುದೆಂಬ ಅರ್ಥವುಳ್ಳ ‘ಧೃ’ ಧಾತುವಿನಿಂದಲೇ, ಬೀಳುವಿಕೆಯ ಅರ್ಥದಲ್ಲಿ ಸಾಧಿಸುತ್ತಾರೆ. ಬೇರೆ ಅರ್ಥದಲ್ಲಿ ಅದೇ ಧಾತುವಿನಿಂದ ‘ಧೃತಿ’ ಎಂದಾಗುವುದು. ಹೀಗೆ ಬೀಳುವ ಧಾರೆಗೂ ಹಿಡಿದು ನಿಲ್ಲಿಸುವ ಧೃತಿಗೂ ಮೂಲವೊಂದೇ.

ಈ ಮಾತು ಮದುವೆಗೆ ಮಾತ್ರ ಸೇರಿದುದಲ್ಲ. ಭೂಮಿಯನ್ನು ‘ಧಾರಾಪೂರ್ವಕಂ ಮಾಡಿ’ ಕೊಟ್ಟ ಮಾತು ಕನ್ನಡ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಕೈಮೇಲೆ ನೀರೆರೆದ ಬಳಿಕ ಆ ಭೂಮಿಯು ದಾನಿಗೆ ಸೇರಿದುದಲ್ಲ. ಮಗಳಿಗೂ ಮಣ್ಣಿಗೂ ಒಂದೇ ನೀರು, ಒಂದೇ ಮಾತು. ತೊಡಕು ಹುಟ್ಟಿದುದು ಇಲ್ಲಿಯೇ.

ಆದರೆ ದಾನವೆಂದರೇನು? ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನುಂಟುಮಾಡುವುದು. ತನ್ನದಲ್ಲದುದನ್ನು ಯಾರೂ ಕೊಡಲಾರರು. ಸರ್ವಸ್ವವನ್ನೂ ಕೊಡಬೇಕಾದ ವಿಶ್ವಜಿದ್ಯಾಗದಲ್ಲಿಯೂ ತಂದೆತಾಯಿಗಳನ್ನು ಕೊಡಲಾಗದೆಂದೂ, ರಾಜನಾದರೂ ಸಮಸ್ತ ಭೂಮಿಯನ್ನು ಕೊಡಲಾರನೆಂದೂ ಜೈಮಿನಿಯ 6ನೆಯ ಅಧ್ಯಾಯದಲ್ಲಿ ನಿರ್ಣಯವಿದೆ. ಅದೇ ಅಧ್ಯಾಯದ ಮೊದಲಿನಲ್ಲಿ, ವಿವಾಹದಲ್ಲಿ ಸ್ತ್ರೀಯು ಕ್ರಯಕ್ಕೆ ಬಂದವಳಾದುದರಿಂದ ಅವಳಿಗೆ ದ್ರವ್ಯಸ್ವಾಮ್ಯವಿಲ್ಲವೆಂಬ ಪೂರ್ವಪಕ್ಷವನ್ನು ಎತ್ತಿ, ಅಲ್ಲಿ ಕೊಡುವುದು ಬೆಲೆಯಲ್ಲ, ಧರ್ಮಮಾತ್ರ. ಅವಳೂ ಧನಕ್ಕೆ ಒಡತಿಯೇ ಎಂದು ಸಿದ್ಧಾಂತ ಮಾಡಿದೆ. ಒಡತಿಯಾದವಳು ಒಡವೆಯಾಗುವುದು ಹೇಗೆ? ಆದುದರಿಂದ ಕನ್ಯಾದಾನದಲ್ಲಿ ದಾನಶಬ್ದವು ಗೌಣವೆನ್ನದೆ ಗತಿಯಿಲ್ಲ.

ಹಾಗಾದರೆ ತಂದೆಯ ಕಣ್ಣೀರು ಸುಳ್ಳೇ ಎಂದು ಕೆಲವರು ಕೇಳಬಹುದು. ಸುಳ್ಳಲ್ಲ. ಅವನು ಬಿಡುವುದು ಮಗಳನ್ನಲ್ಲ. ಅವಳನ್ನು ದಿನದಿನವೂ ನೋಡುವ ಸುಖವನ್ನು, ಅದುವರೆಗೆ ತಾನೊಬ್ಬನೇ ಹೊತ್ತ ಭಾರವನ್ನು. ವಿವಾಹವು ಮುಗಿಯುವುದೂ ಧಾರೆಯಲ್ಲಲ್ಲ. ಏಳನೆಯ ಹೆಜ್ಜೆಯಲ್ಲಿ ಎಂದು ಮನುಸ್ಮೃತಿಯ 8ನೆಯ ಅಧ್ಯಾಯವು ಹೇಳುತ್ತದೆ. ಸಪ್ತಪದಿಯುಳ್ಳ ವಿವಾಹಗಳಿಗೆ 1955ರ ಹಿಂದೂ ವಿವಾಹ ಕಾಯಿದೆಯೂ ಹಾಗೆಯೇ ವಿಧಿಸಿತು. ಆ ಹೆಜ್ಜೆಗಳನ್ನು ವಧುವು ತನ್ನ ಕಾಲಿನಿಂದಲೇ ಇಡುತ್ತಾಳೆ.

ಇದು ಬರಿಯ ಶಬ್ದವಿಚಾರವೆಂದು ತಿಳಿಯಲಾಗದು. 1933ರ ಮೈಸೂರು ಕಾಯಿದೆಯು ಪಾಲಿನ ಕಾಲದಲ್ಲಿ ಭಾಗವನ್ನು ಕೊಟ್ಟುದು ಅವಿವಾಹಿತ ಹೆಣ್ಣುಮಕ್ಕಳಿಗೆ. ಕರ್ಣಾಟಕದ 1994ರ ತಿದ್ದುಪಡಿಯು ಮಗಳನ್ನು ಮಗನ ಸಮಕ್ಕೆ ತಂದಿತಾದರೂ, ಅದು ಜಾರಿಗೆ ಬರುವ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಗಾದೆಯೇ ಕಾಯಿದೆಯಾಯಿತೆನ್ನಬಹುದು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಆದ ತಿದ್ದುಪಡಿಯು ಆ ಭೇದವನ್ನು ತೆಗೆದುಹಾಕಿತು.

ಕಾಯಿದೆ ಹೋದರೂ ಗಾದೆ ಹೋಗಲಿಲ್ಲ. ಪಾಲಿನ ದಿನ ಅಣ್ಣತಮ್ಮಂದಿರು ಹಕ್ಕುಬಿಡುಗಡೆಯ ಪತ್ರವನ್ನು ಮುಂದಿಟ್ಟು, ‘ನಿನ್ನನ್ನು ಆಗಲೇ ಧಾರೆಯೆರೆದು ಕೊಟ್ಟಾಯಿತಲ್ಲಮ್ಮ’ ಎನ್ನುವುದುಂಟು. ತೌರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವಳು ರುಜು ಹಾಕುವುದೂ ಉಂಟು. ಅವಳು ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಆ ಮಾತಿಗೆ ಅಂಜಿ ಬಿಟ್ಟರೆ, ಅಂದು ತಂದೆಯು ಎರೆದ ನೀರನ್ನು ಅಣ್ಣತಮ್ಮಂದಿರು ಅಲಗನ್ನಾಗಿ ಮಾಡಿದಂತೆಯೇ ಸರಿ. ಶಿವಾರಪಟ್ಟಣದಿಂದ ಹೋದ ವಿಗ್ರಹವು ಹಬ್ಬಕ್ಕೆಂದು ಶಿಲ್ಪಿಯ ಮನೆಗೆ ಹಿಂದಿರುಗುವುದಿಲ್ಲ. ಮಗಳು ಬರುತ್ತಾಳೆ, ಬಂದವಳು ಅತಿಥಿಯಲ್ಲ.