ಮುಖ ನೋಡಿ ತೀರ್ಪು ಕೊಡಬೇಡಿ

ವಾಚನ: 1 ಸಮುವೇಲ 1: 9-18



ಶಿಲೋವಿನ ದೇವಮಂದಿರದಲ್ಲಿ ಹನ್ನ ಎಂಬ ಹೆಣ್ಣುಮಗಳು ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು; ದನಿ ಮಾತ್ರ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿ ಅವಳನ್ನು ನೋಡಿ, ಕುಡಿದು ಬಂದಿದ್ದಾಳೆಂದು ತಿಳಿದು ಗದರಿಸಿದ. ಏಲಿ ಕಟುಕನೇನೂ ಅಲ್ಲ, ದೇವರ ಸೇವೆಯಲ್ಲಿ ಮುಪ್ಪಾದವನು. ಆದರೂ ವಿಚಾರಿಸುವ ಮೊದಲೇ ತೀರ್ಪು ಕೊಟ್ಟುಬಿಟ್ಟ.

ಈ ಏಲಿ ನಮ್ಮೊಳಗೂ ಇದ್ದಾನೆ. ಹರವೆಯ ಕಡೆಯ ಒಂದು ರೈತ ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳೋಣ. ಮನೆಯ ಯಜಮಾನನಿಗೆ ಇನ್ನೂ 45 ವರ್ಷ. ಅರಿಶಿನ, ಬಾಳೆ ಬೆಳೆದ ಕೈ ಈಗ ನಡುಗುತ್ತದೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಹೆಜ್ಜೆ ತಪ್ಪಿದರೆ "ಬೆಳಿಗ್ಗೇನೇ ಏರಿಸ್ಕೊಂಡವ್ನೆ" ಎಂಬ ಮಾತು ಕಿವಿಗೆ ಬೀಳುತ್ತದೆ. ನೆಂಟರ ಮದುವೆಯಲ್ಲಿ ನಗದೆ ಕುಳಿತರೆ "ಏನು ಜಂಭ ನೋಡು" ಎನ್ನುತ್ತಾರೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಇವನ್ನೆಲ್ಲ ಹೇಗೋ ಸಹಿಸಬಹುದು. ಆದರೆ ಎಂಟು ವರ್ಷದ ಮಗಳು ಮಾರ್ಕ್ಸ್ ಕಾರ್ಡ್ ಹಿಡಿದು ಓಡಿ ಬಂದು, ಅಪ್ಪನ ಮುಖದಲ್ಲಿ ನಗು ಕಾಣದೆ ಹಿಂದೆ ಸರಿಯುತ್ತಾಳೆ. "ಅವ್ವ, ಅಪ್ಪನಿಗೆ ನನ್ನ ಮೇಲೆ ಯಾಕೆ ಕೋಪ?" ಎಂದು ಕೇಳುತ್ತಾಳೆ. ಆ ತಂದೆಯ ಒಳಗನ್ನು ಯಾರು ಬಲ್ಲರು?

ಪ್ರಿಯರೇ, ಅದು ಕುಡಿತವೂ ಅಲ್ಲ, ಕೋಪವೂ ಅಲ್ಲ. ಅದು ಪಾರ್ಕಿನ್ಸನ್ ರೋಗ. ಆಯುರ್ವೇದದಲ್ಲಿ ಇಂತಹ ನಡುಕದ ಕಾಯಿಲೆಗೆ ಕಂಪವಾತ ಎನ್ನುತ್ತಾರೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋಗುತ್ತವೆ. ಅದರಿಂದ ನಡಿಗೆ ನಿಧಾನವಾಗುತ್ತದೆ, ದನಿ ಕುಗ್ಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ಮುಖ ಮುಖವಾಡದಂತೆ ಬಿಗಿಯುತ್ತದೆ. ಸಂತೋಷ ಒಳಗಿರುತ್ತದೆ, ಮುಖಕ್ಕೆ ಬರುವುದಿಲ್ಲ. ಹೆಚ್ಚಾಗಿ 60 ದಾಟಿದವರಲ್ಲಿ ಕಾಣಿಸಿದರೂ, ಮಕ್ಕಳನ್ನು ಸಾಕಿ ಸಲಹುವ ವಯಸ್ಸಿನಲ್ಲೂ ಕೆಲವರಿಗೆ ಬರುತ್ತದೆ. ಇದು ಅಂಟುರೋಗವಲ್ಲ, ಶಾಪವಲ್ಲ, ಮಾಟವೂ ಅಲ್ಲ. ಬಹುಪಾಲು ರೋಗಿಗಳಲ್ಲಿ ಇದು ತಂದೆತಾಯಿಯಿಂದ ಬಂದದ್ದೂ ಅಲ್ಲ.

ಇನ್ನೊಂದು ಅಪಾರ್ಥವಿದೆ. ಲೆವೊಡೋಪ ಎಂಬ ಔಷಧಿ ಕೆಲಸ ಮಾಡುತ್ತಿರುವಾಗ ರೋಗಿ ಹೊಲದವರೆಗೆ ನಡೆದು ಹೋಗಬಲ್ಲ. ಅದರ ಪ್ರಭಾವ ಇಳಿದಾಗ ಕುರ್ಚಿಯಿಂದ ಏಳಲಾರ. ಇದನ್ನು ಕಂಡವರು "ಆಗ ಚೆನ್ನಾಗಿದ್ದ, ಈಗ ನಾಟಕ" ಎನ್ನುತ್ತಾರೆ. ಅದು ನಾಟಕವಲ್ಲ, ರೋಗದ ರೀತಿಯೇ ಹಾಗೆ.

ನಮ್ಮ ಧರ್ಮಸಭೆ ಈ ರೋಗವನ್ನು ಪೇತ್ರರ ಪೀಠದ ಮೇಲೆಯೇ ಕಂಡಿದೆ. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದ ಜಗದ್ಗುರು ಎರಡನೆಯ ಜಾನ್ ಪೌಲರನ್ನು ಕಂಡವರು ಅವರ ಗಟ್ಟಿ ದನಿಯನ್ನು ಮರೆತಿರಲಾರರು. ಯೌವನದಲ್ಲಿ ಅವರು ನಾಟಕಗಳಲ್ಲಿ ಅಭಿನಯಿಸಿದವರು. ಅಂಥವರ ಕೈ ನಡುಗಿತು, ದನಿ ತೊದಲಿತು, ಮುಖ ಬಿಗಿಯಿತು. ಪೀಠ ತ್ಯಜಿಸಲಿ ಎಂದವರೂ ಇದ್ದರು. ಅವರು ಮರೆಯಾಗಿ ಕೂರಲಿಲ್ಲ. 2005ರ ಮಾರ್ಚ್ 27ರ ಪಾಸ್ಕ ಭಾನುವಾರ ಕಿಟಕಿಯಲ್ಲಿ ಕಾಣಿಸಿಕೊಂಡು ಮಾತನಾಡಲು ಯತ್ನಿಸಿದರು, ಆಗಲಿಲ್ಲ. ಕೈಯೆತ್ತಿ ಆಶೀರ್ವದಿಸಿದರು. ಏಪ್ರಿಲ್ 2ರಂದು ಪ್ರಭುವಿನಲ್ಲಿ ನಿದ್ರಿಸಿದರು. ಮಾತು ನಿಂತ ಮಾತ್ರಕ್ಕೆ ತಂದೆಯ ತಂದೆತನ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ಹನ್ನಳ ಬಳಿಗೆ ಮರಳೋಣ. ಏಲಿ ಗದರಿಸಿದಾಗ ಅವಳು ಮುನಿಸಿಕೊಂಡು ಎದ್ದು ಹೋಗಲಿಲ್ಲ. ತಾನು ಕುಡಿದಿಲ್ಲ, ಮನಸ್ಸಿನ ಭಾರವನ್ನು ಸರ್ವೇಶ್ವರನ ಮುಂದೆ ಇಳಿಸುತ್ತಿದ್ದೇನೆ ಎಂದು ವಿನಯವಾಗಿ ತಿಳಿಸಿದಳು. ಏಲಿ ಹಟ ಹಿಡಿಯಲಿಲ್ಲ. ಕೇಳಿಸಿಕೊಂಡ, ತನ್ನ ಮಾತನ್ನು ತಿದ್ದಿಕೊಂಡ, ಆಶೀರ್ವದಿಸಿ ಕಳುಹಿಸಿದ. ಅವಳು ಹೋಗಿ ಊಟಮಾಡಿದಳು. ಮುಖದ ದುಗುಡ ಹೋಯಿತು. ಒಬ್ಬಳು ಹೇಳಿದಳು, ಒಬ್ಬನು ಕೇಳಿದನು. ಆಶೀರ್ವಾದ ಬಂದದ್ದು ಆ ಮೇಲೆ.

ಆದ್ದರಿಂದ ರೋಗದಲ್ಲಿರುವ ತಂದೆತಾಯಿಯರೇ, ನಿಮ್ಮ ಮಕ್ಕಳಿಗೆ ಹೇಳಿ. "ಇದು ನನ್ನ ಕಾಯಿಲೆ ಮಗಳೇ, ಕೋಪವಲ್ಲ. ನನ್ನ ಮುಖ ನಗದಿದ್ದರೂ ನನ್ನ ಮನಸ್ಸು ನಗುತ್ತಿದೆ" ಎಂದು ಬಾಯಿಬಿಟ್ಟು ಹೇಳಿ. ಮುಖ ಹೇಳಲಾರದ್ದನ್ನು ಮಾತು ಹೇಳಲಿ. ಮಾತು ಸೋತರೆ ತಲೆ ಸವರುವ ಕೈ ಹೇಳಲಿ. ನಡುಗುವ ಕೈಯೂ ಆಶೀರ್ವದಿಸಬಲ್ಲದು. ಮಗುವಿಗೆ ತಿಳಿಸದೆ ಮುಚ್ಚಿಟ್ಟರೆ, ತಾನೇ ಏನೋ ತಪ್ಪು ಮಾಡಿದ್ದೇನೆಂದು ಅದು ಭಾವಿಸೀತು.

ಮನೆಯವರೇ, ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ದೇವರು ಗುಣಪಡಿಸುತ್ತಾನೆಂದು ಮಾತ್ರೆ ನಿಲ್ಲಿಸುವುದು ವಿಶ್ವಾಸವಲ್ಲ. ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾದೀತು. ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ನಿಜ. ಹಾಗೆಂದು ತಾವಾಗಿ ಅರೆದು ಕುಡಿಸಬೇಡಿ. ಮೈಸೂರಿನಲ್ಲಿ ನರರೋಗ ತಜ್ಞರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಾಚಿಕೆ ಬೇಡ.

ನೆರೆಹೊರೆಯವರೇ, ಧರ್ಮಕೇಂದ್ರದವರೇ, ನಾವು ಏಲಿಯಿಂದ ಕಲಿಯೋಣ. ತೂರಾಡುವವನನ್ನು ಕಂಡಾಗ "ಏನಣ್ಣ, ಹುಷಾರಿಲ್ಲವಾ? ಕೈ ಹಿಡಿದುಕೊಳ್ಳಲಾ?" ಎಂದು ಕೇಳೋಣ. ಪರಮಪ್ರಸಾದದ ಸಾಲಿನಲ್ಲಿ ಒಬ್ಬರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಹಿಂದಿನಿಂದ ಆತುರಪಡಿಸದೆ ಕಾಯೋಣ. ನಿಧಾನವಾಗಿ ಮಾತನಾಡುವವರ ಮಾತನ್ನು ನಾವೇ ಮುಗಿಸದಿರೋಣ. ಅವರ ಬುದ್ಧಿ ಮಂದವಾಗಿದೆ ಎಂದುಕೊಳ್ಳಬೇಡಿ. ಮಾತು ಹೊರಬರಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಪ್ರಾರ್ಥನೆ: ಓ ಪ್ರಭುವೇ, ಹನ್ನಳ ಕೇಳಿಸದ ದನಿಯನ್ನು ಕೇಳಿದವರು ನೀವು. ನಡುಗುವ ಕೈಗಳಿಂದ ಮಕ್ಕಳನ್ನು ಸಾಕುತ್ತಿರುವ ಎಲ್ಲ ತಂದೆತಾಯಿಯರನ್ನು ಬಲಪಡಿಸಿರಿ. ಅವರ ಮಕ್ಕಳಿಗೆ ತಿಳುವಳಿಕೆ ಕೊಡಿರಿ. ತೀರ್ಪು ಕೊಡುವ ಮೊದಲು ವಿಚಾರಿಸುವ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.