ಉಂಡ ಮನೆಯ ಜಂತಿ ಎಣಿಸುವ ಕೆಲಸ

ಕುರುಕ್ಷೇತ್ರದಲ್ಲಿ ಯುದ್ಧ ಇನ್ನೇನು ಶುರುವಾಗಬೇಕು ಎನ್ನುವಾಗ ಧರ್ಮರಾಯ ಕವಚ ಕಳಚಿಟ್ಟು, ಆಯುಧ ಕೆಳಗಿಟ್ಟು, ಕಾಲ್ನಡಿಗೆಯಲ್ಲಿ ಶತ್ರುಸೈನ್ಯದ ಕಡೆಗೆ ಹೊರಡುತ್ತಾನೆ. ಹಿರಿಯರ ಆಶೀರ್ವಾದ ಬೇಡುವುದಕ್ಕೆ. ಭೀಷ್ಮ, ದ್ರೋಣ, ಕೃಪ, ಶಲ್ಯ ನಾಲ್ವರೂ ಅವನಿಗೆ ಒಳ್ಳೆಯದನ್ನೇ ಬಯಸುತ್ತಾರೆ. ನಾಲ್ವರೂ ಎದುರು ಪಕ್ಷದಲ್ಲೇ ಉಳಿಯುತ್ತಾರೆ. ಕೇಳಿದರೆ ನಾಲ್ವರದೂ ಒಂದೇ ಕಾರಣ: ಕೌರವರ ಹಣಕ್ಕೆ ಕಟ್ಟುಬಿದ್ದಿದ್ದೇವೆ, ಬೇರೆ ದಾರಿಯಿಲ್ಲ.

ವ್ಯಾಸಭಾರತದ ಭೀಷ್ಮಪರ್ವದ ಈ ಸಂದರ್ಭ ನನ್ನನ್ನು ಹಿಡಿದುಕೊಂಡದ್ದು ನೌಕರಿಯಲ್ಲಿದ್ದಾಗ. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ಸಂಶೋಧನಾ ಯೋಜನೆಗಳ ಟೇಬಲ್ಲು ಬಹುಕಾಲ ನನ್ನದಾಗಿತ್ತು. ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಮಂಜೂರಾತಿ ಪತ್ರ ಬಂದರೆ ರಿಕರಿಂಗ್ ಎಷ್ಟು, ನಾನ್‌ರಿಕರಿಂಗ್ ಎಷ್ಟು, ಫೆಲೋಶಿಪ್ ಎಷ್ಟು, ವಿಶ್ವವಿದ್ಯಾಲಯಕ್ಕೆ ಓವರ್‌ಹೆಡ್ ಎಷ್ಟು ಎಂದು ಬಿಡಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಮಾರ್ಚ್ 31 ಹತ್ತಿರ ಬಂತೆಂದರೆ ಯು.ಸಿ.ಗಳ ರಾಶಿ. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂದು ಬರೆದುಕೊಡುವ ಆ ಕಾಗದಕ್ಕೆ ಬಳಕೆ ಪ್ರಮಾಣಪತ್ರ ಎಂದು ಪೂರ್ತಿ ಹೆಸರು ಹೇಳಿದವರನ್ನು ನಾನು ಕಂಡಿಲ್ಲ.

ಒಮ್ಮೆ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ ಸರಕಾರದ ಇಲಾಖೆಯೊಂದು ಕೊಳವೆಬಾವಿ ನೀರಿನ ಫ್ಲೋರೈಡ್ ಅಳೆಯುವ ಯೋಜನೆ ಕೊಟ್ಟಿತು. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹಲ್ಲು ಕಂದುಗಟ್ಟಿದ ಮಕ್ಕಳನ್ನು ನೋಡಿದವರಿಗೆ ಇದು ಎಂಥ ಕೆಲಸ ಎಂದು ಹೇಳಬೇಕಿಲ್ಲ. ಕುಡಿಯುವ ನೀರಿನ ಒಂದು ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನಕ. ಪ್ರಾಧ್ಯಾಪಕರು ಬಾವಿಯ ನೀರಿನ ಜೊತೆಗೆ ಶುದ್ಧ ನೀರಿನ ಘಟಕಗಳಿಂದ ಹೊರಬರುವ ನೀರನ್ನೂ ಅಳೆದರು. ಮೆಂಬ್ರೇನ್ ಬದಲಿಸದೆ ಬಿಟ್ಟ ಘಟಕಗಳಲ್ಲಿ ಒಳಹೋದ ನೀರಿಗೂ ಹೊರಬಂದ ನೀರಿಗೂ ವ್ಯತ್ಯಾಸವೇ ಇರಲಿಲ್ಲ. ಅದನ್ನು ಊರ ಹೆಸರು ಸಮೇತ ವರದಿಯಲ್ಲಿ ಬರೆದರು.

ಇಲಾಖೆಯಿಂದ ಪತ್ರ ಬಂತು. ಶಿಫಾರಸುಗಳ ಅಧ್ಯಾಯ ಪರಿಷ್ಕರಿಸಬೇಕು, ಪೂರ್ವಾನುಮತಿ ಇಲ್ಲದೆ ಏನನ್ನೂ ಪ್ರಕಟಿಸಬಾರದು, ಕೊನೆಯ ಕಂತು ಆಮೇಲೆ. ಕಂತಿನ ಬಗ್ಗೆ ವಿಚಾರಿಸಲು ನಾನು ಫೋನು ಮಾಡಿದಾಗ ಆ ಕಡೆಯ ಅಧಿಕಾರಿ ಬೇಸರದಿಂದ ಅಂದರು: "ಉಂಡ ಮನಿ ಜಂತಿ ಎಣಸ್ತಾರಲ್ರೀ ನಿಮ್ಮ ಸರ್ರು."

ಪ್ರಾಧ್ಯಾಪಕರು ಒಂದಕ್ಷರ ಬದಲಿಸಲಿಲ್ಲ. ಕಡತ ಹಿಡಿದು ನನ್ನ ಟೇಬಲ್ಲಿಗೆ ಬಂದು, "ಲೆಕ್ಕದಾಗ ಏನರ ತಪ್ಪೈತೇನ್ರೀ?" ಎಂದು ಕೇಳಿದರು. "ಇಲ್ರೀ ಸರ್, ಒಂದು ರೂಪಾಯಿ ಹೆಚ್ಚುಕಡಿಮಿ ಇಲ್ಲ" ಎಂದೆ. "ಹಂಗಾದ್ರ ನಮ್ಮ ಋಣ ತೀರಿತು" ಎಂದು ಹೊರಟುಹೋದರು. ಕೊನೆಯ ಕಂತು ಬರಲೇ ಇಲ್ಲ. ಹಳ್ಳಿಹಳ್ಳಿ ತಿರುಗಿ ಬಾಟಲಿಯಲ್ಲಿ ನೀರು ತುಂಬಿ ತಂದಿದ್ದ ಪ್ರಾಜೆಕ್ಟ್ ಅಸಿಸ್ಟೆಂಟ್ ಹುಡುಗಿಯ ಸಂಬಳವನ್ನು ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ ಕೊಡಿಸುವುದಕ್ಕೆ ಸಾಕಷ್ಟು ಓಡಾಡಬೇಕಾಯಿತು.

ಅಧಿಕಾರಿ ಆಡಿದ ಗಾದೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅನ್ನ ಹಾಕಿದವರಿಗೆ ಎರಡು ಬಗೆಯಬಾರದು ಎಂಬುದು ನಮ್ಮ ಹಿರಿಯರು ಬದುಕಿದ ಧರ್ಮ. ಭೀಷ್ಮನ ಉತ್ತರದಲ್ಲಿ ಇರುವುದೂ ಅದೇ. ಹಾಗಾದರೆ ಸರಕಾರದ ಹಣದಿಂದ ಸಂಶೋಧನೆ ಮಾಡುವವನು ಸರಕಾರಕ್ಕೆ ಏನು ಕೊಡಬೇಕು? ಬರೀ ಲೆಕ್ಕವನ್ನೋ, ತನ್ನ ಮಾತನ್ನೂ ಸೇರಿಸಿಯೋ? ನನ್ನ ಮಟ್ಟಿಗೆ ಇದು ಆಡಳಿತದ ಪ್ರಶ್ನೆ ಆಗುವ ಮೊದಲು ಧರ್ಮದ ಪ್ರಶ್ನೆ.

ಹಸ್ತಿನಾವತಿಯ ಕಣಜ ತುಂಬಿದ್ದು ಯಾರಿಂದ? ದುರ್ಯೋಧನ ನೇಗಿಲು ಹಿಡಿದವನಲ್ಲ. ಕುರುದೇಶದ ಒಕ್ಕಲು ಬೆಳೆದ ಬೆಳೆಯಲ್ಲಿ ಅರಮನೆಗೆ ಸಂದ ಪಾಲು ಅದು. ಭೀಷ್ಮ ಉಂಡದ್ದು ಆ ಒಕ್ಕಲಿನ ಅನ್ನ. ಬೀಗದಕೈ ಯಾರ ಸೊಂಟದಲ್ಲಿತ್ತೋ ಅವನನ್ನೇ ಅನ್ನದಾತ ಎಂದು ಬಗೆದದ್ದು ಪಿತಾಮಹನ ತಪ್ಪು, ಮತ್ತು ಆ ತಪ್ಪಿಗೆ ಬೆಲೆ ತೆತ್ತದ್ದು ಹದಿನೆಂಟು ಅಕ್ಷೋಹಿಣಿ ಸೈನ್ಯ. ಅದೇ ಅರಮನೆಯ ಅನ್ನ ವಿದುರನೂ ಉಂಡ. ಅವನು ಮಂತ್ರಿ, ಧೃತರಾಷ್ಟ್ರನ ಆಶ್ರಯದಲ್ಲೇ ಇದ್ದವನು. ಆದರೂ ದ್ಯೂತದ ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತು, ಇದು ಕುಲನಾಶದ ದಾರಿ ಎಂದು ಬಾಯಿಬಿಟ್ಟು ಹೇಳಿದ. ಮುಂದೆ ಧೃತರಾಷ್ಟ್ರ ಅವನನ್ನು ಹೊರಗೆ ಹಾಕಿದ್ದೂ ಉಂಟು, ಪಶ್ಚಾತ್ತಾಪಪಟ್ಟು ಕರೆಸಿಕೊಂಡದ್ದೂ ಉಂಟು. ಸಂಧಾನಕ್ಕೆ ಬಂದ ಕೃಷ್ಣ ದುರ್ಯೋಧನನ ಔತಣ ಬಿಟ್ಟು ಊಟಕ್ಕೆ ಹೋದದ್ದು ಈ ವಿದುರನ ಮನೆಗೆ. ರಾಜ್ಯದ ಅನ್ನ ತಿಂದೂ ರಾಜ್ಯಕ್ಕೆ ನಿಜ ಹೇಳುವುದು ದ್ರೋಹವಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮನೆ ಜನರದು. ಯಾವ ಜಂತಿ ಹುಳ ಹಿಡಿದಿದೆ ಎಂದು ಎಣಿಸಿ ಹೇಳುವುದಕ್ಕೆಂದೇ ಅವರು ಸಂಶೋಧಕನಿಗೆ ಉಣಬಡಿಸಿರುವುದು.

ಕೊಡುವವನ ಧರ್ಮದ ಬಗ್ಗೆಯೂ ನಮ್ಮ ಪರಂಪರೆ ಸ್ಪಷ್ಟವಾಗಿದೆ. ಕೊಟ್ಟವನ ಒಡೆತನ ಅಳಿದು ಪಡೆದವನ ಒಡೆತನ ಹುಟ್ಟಿದರೆ ಮಾತ್ರ ಅದು ದಾನ ಎನ್ನುತ್ತವೆ ಧರ್ಮಶಾಸ್ತ್ರಗಳು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು: ರಾಜನೋ ದಂಡನಾಯಕನೋ ಪಡೆಯುವವನ ಕಾಲು ತೊಳೆದು, ನೀರು ಧಾರೆ ಎರೆದು ಕೊಡುತ್ತಾನೆ. ಎಷ್ಟೋ ತಾಮ್ರಪಟಗಳಲ್ಲಿ ಇನ್ನೂ ಒಂದು ಷರತ್ತು ಬರುತ್ತದೆ. ಕೊಟ್ಟ ಭೂಮಿಯೊಳಕ್ಕೆ ಚಾಟಭಟರು, ಅಂದರೆ ಅರಸನದೇ ಸೈನಿಕರು ಮತ್ತು ಸಿಬ್ಬಂದಿ, ಕಾಲಿಡಬಾರದು. ಷರತ್ತು ಬೀಳುವುದು ಕೊಟ್ಟವನ ಮೇಲೆ! ತಾನು ಕೊಟ್ಟದ್ದನ್ನು ತಾನೇ ಕಿತ್ತುಕೊಂಡರೂ ಹುಳುವಾಗಿ ಹುಟ್ಟುವ ಶಾಪ ಕೊನೆಗೆ ಇದ್ದೇ ಇರುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವಿತ್ತು. ಕಾಳಾಮುಖ ಶೈವರ ಮಠ. 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವ್ಯಾಸಂಗವನ್ನು ವಿವರಿಸುತ್ತದೆ. ನಾಲ್ಕು ವೇದಗಳು, ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯ, ಅವುಗಳ ಸಾಲಿನಲ್ಲೇ ಬೌದ್ಧ ದರ್ಶನ. ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧ. ಅರಸರ ದತ್ತಿಯಿಂದ ನಡೆಯುವ ಶೈವ ಮಠದೊಳಗೆ ಶಿವನನ್ನು ಒಪ್ಪದ ಬೌದ್ಧರ ತರ್ಕಕ್ಕೂ ಜಾಗವಿತ್ತು ಎಂದು ಓದಿದಾಗ ನನಗೆ ಹೆಮ್ಮೆಯಾಗುತ್ತದೆ. ಆ ಕಾಲದ ದತ್ತಿಗಳ ಫಲ ಯಾರ ಮಕ್ಕಳಿಗೆ ಸಿಕ್ಕಿತು, ಯಾರ ಮಕ್ಕಳು ಹೊರಗೇ ಉಳಿದರು ಎಂಬುದನ್ನು ಮರೆತು ಈ ಮಾತು ಹೇಳುತ್ತಿಲ್ಲ. ಅದೇ ಶತಮಾನದ ಶರಣರು ದಾನದ ಅಹಂಕಾರವನ್ನೇ ಪ್ರಶ್ನಿಸಿದರು. ದಾಸೋಹದಲ್ಲಿ ಕೊಡುವವನು ದೊಡ್ಡವನಲ್ಲ. ಸಮಾಜದ್ದನ್ನು ಸಮಾಜಕ್ಕೆ ಒಪ್ಪಿಸುವವನು. ತೆರಿಗೆ ಹಣ ಹಂಚುವ ಮಂತ್ರಿಗೆ, ಕಾರ್ಯದರ್ಶಿಗೆ ಇದಕ್ಕಿಂತ ಹೊಂದುವ ತತ್ತ್ವ ಯಾವುದಿದೆ?

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ಆಡಳಿತದ ಭಾಷೆಗೆ ತಂದವರಲ್ಲಿ ಮುಖ್ಯನಾದವನು ಬ್ರಿಟನ್ನಿನ ರಿಚರ್ಡ್ ಹಾಲ್ಡೇನ್. ಅವನು ಮೂಲತಃ ತತ್ತ್ವಶಾಸ್ತ್ರದವನು. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಓದಿ ಬಂದವನು, ಶೋಪೆನ್‌ಹೌರ್‌ನನ್ನು ಇಂಗ್ಲಿಷಿಗೆ ತಂದವರಲ್ಲೊಬ್ಬ. ಯುದ್ಧಮಂತ್ರಿಯಾಗಿ, ಆಮೇಲೆ ಲಾರ್ಡ್ ಚಾನ್ಸಲರ್ ಆಗಿದ್ದ ಅವನನ್ನು ಮೊದಲ ಮಹಾಯುದ್ಧ ಶುರುವಾದ ಮೇಲೆ ಪತ್ರಿಕೆಗಳು ಜರ್ಮನರ ಕಡೆಯವನೆಂದು ಹೀಗಳೆದವು; 1915ರಲ್ಲಿ ಹುದ್ದೆ ಹೋಯಿತು. ಅಂಥವನ ಅಧ್ಯಕ್ಷತೆಯ ಸಮಿತಿ 1918ರಲ್ಲಿ ಸರಕಾರಿ ಯಂತ್ರದ ಬಗ್ಗೆ ವರದಿ ಕೊಟ್ಟಿತು. ಇಲಾಖೆಗೆ ತನ್ನ ದಿನನಿತ್ಯದ ಕೆಲಸಕ್ಕೆ ಬೇಕಾದ ಸಂಶೋಧನೆಯನ್ನು ಇಲಾಖೆಯೇ ಮಾಡಿಸಿಕೊಳ್ಳಲಿ. ಎಲ್ಲರಿಗೂ ಬೇಕಾದ ಸಾಮಾನ್ಯ ಸಂಶೋಧನೆ ಮಾತ್ರ ಇಲಾಖೆಗಳ ಆಡಳಿತದ ಹಿಡಿತದಿಂದ ಹೊರಗಿರಲಿ ಎಂಬುದು ಅದರ ಸಾರ. ಮುಂದೆ ಇದು ಹಾಲ್ಡೇನ್ ತತ್ತ್ವ ಎಂದೇ ಹೆಸರಾಯಿತು, 2017ರ ಕಾನೂನಿನಲ್ಲೂ ಜಾಗ ಪಡೆಯಿತು. ನಡುವೆ 1971ರಲ್ಲಿ ರಾತ್‌ಶೀಲ್ಡ್ ವರದಿ ಅನ್ವಯಿಕ ಸಂಶೋಧನೆಯ ಮಟ್ಟಿಗೆ ಇಲಾಖೆ ಗಿರಾಕಿ, ವಿಜ್ಞಾನಿ ಗುತ್ತಿಗೆದಾರ ಎಂಬ ವಾದ ಹೂಡಿ ಅಲ್ಲಿ ದೊಡ್ಡ ಗದ್ದಲವೆಬ್ಬಿಸಿತ್ತು. ಗುತ್ತಿಗೆ ಎಂದಾದ ಮೇಲೆ ಗಿರಾಕಿಗೆ ಬೇಡವಾದ ಫಲಿತಾಂಶಕ್ಕೆ ಜಾಗ ಎಲ್ಲಿದೆ?

ಹಿಡಿತ ಪೂರ್ತಿಯಾದರೆ ಏನಾಗುತ್ತದೆ ಎಂಬುದು ಸೋವಿಯತ್ ರಷ್ಯಾದಲ್ಲಿ ಕಂಡಿತು. ಲೋಕದ ಬೆಳೆಗಳ ಬೀಜ ಕೂಡಿಟ್ಟ ನಿಕೊಲಾಯ್ ವಾವಿಲೋವ್ 1943ರಲ್ಲಿ ಸರಾಟೋವ್ ಜೈಲಿನಲ್ಲಿ ಸತ್ತ. 1948ರಲ್ಲಿ ಅವನ ಎದುರಾಳಿ, ತಳಿವಿಜ್ಞಾನವನ್ನೇ ಅಲ್ಲಗಳೆದ ಲೈಸೆಂಕೊ, ತನ್ನ ವರದಿಯನ್ನು ಪಕ್ಷದ ಕೇಂದ್ರ ಸಮಿತಿ ಒಪ್ಪಿದೆ ಎಂದು ವಿಜ್ಞಾನಿಗಳ ಸಭೆಯಲ್ಲಿ ಘೋಷಿಸಿದ. ತಳಿವಿಜ್ಞಾನದ ವಾದ ಅಲ್ಲಿಗೆ ಮುಗಿಯಿತು.

ಹಣವನ್ನೇ ಮುಟ್ಟದಿರುವುದು ಇನ್ನೊಂದು ದಾರಿ. ಸಿ. ವಿ. ರಾಮನ್ ಹಿಡಿದದ್ದು ಅದನ್ನು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ಅವರು ಆಡಳಿತ ಮಂಡಳಿಯೊಂದಿಗಿನ ತಿಕ್ಕಾಟದಲ್ಲಿ 1937ರಲ್ಲಿ ಆ ಸ್ಥಾನ ಬಿಟ್ಟರು. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದ ಮೇಲೆ ಸರಕಾರದ ಅನುದಾನ ಬೇಡವೆಂದರು. ದೇಣಿಗೆ, ಸ್ವಂತ ದುಡಿಮೆಯ ಮೇಲೆ ನಡೆಸಿದರು. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಸಂಸ್ಥೆ ನಿಂತ ನೆಲ ಮೈಸೂರು ಸಂಸ್ಥಾನದ ಕೊಡುಗೆ. ಕೊಟ್ಟವರು ಕೊಟ್ಟು ಬಿಟ್ಟುಕೊಟ್ಟಿದ್ದರು, ಅಷ್ಟೇ. 1970ರಲ್ಲಿ ರಾಮನ್ ತೀರಿಕೊಂಡ ಮೇಲೆ, 1972ರಲ್ಲಿ, ಸಂಸ್ಥೆ ಸ್ವಾಯತ್ತ ರೂಪ ಪಡೆದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿಗೆ ಬಂತು. ನೊಬೆಲ್ ಪಡೆದ ಒಬ್ಬರು ತಮ್ಮ ಕೊನೆಯವರೆಗೂ ನಡೆಸಿದ ವ್ರತವನ್ನು ರಾಯಚೂರಿನ, ಕಲಬುರಗಿಯ ವಿಶ್ವವಿದ್ಯಾಲಯಗಳಿಂದ ಬೇಡಲಾಗದು. ನಮಗೆ ಸರಕಾರದ ಹಣ ಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ಕತೆಯಲ್ಲಿ ಒಂದು ಸಂಗತಿ ನನಗೆ ಬಹಳ ಪ್ರಿಯ. ಜಮ್‌ಷೇಟ್‌ಜಿ ಟಾಟಾ ತಮ್ಮ ಆಸ್ತಿಯಲ್ಲಿ ದೊಡ್ಡ ಪಾಲು ಇದಕ್ಕೆಂದು ತೆಗೆದಿಟ್ಟರು, ಹೆಸರು ಮಾತ್ರ ತಮ್ಮದು ಬೇಡವೆಂದರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟುವ ಹೊತ್ತಿಗೆ ಟಾಟಾ ಇರಲಿಲ್ಲ. ಹೆಸರು ಬೇಡವೆಂದವರ ಹೆಸರನ್ನೇ ಬೆಂಗಳೂರಿನ ಜನ ಇವತ್ತಿಗೂ ಹಿಡಿದು, ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ.

ಈಗ ನಮ್ಮ ಕಾಲಕ್ಕೆ ಬರೋಣ. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಅಂದಾಜು. ಅದರಲ್ಲಿ ಹೆಚ್ಚಿನ ಪಾಲು ಸರಕಾರದ ಹೊರಗಿನಿಂದ ಬರಬೇಕು. ರಾಜ್ಯ ವಿಶ್ವವಿದ್ಯಾಲಯಗಳನ್ನು ಮೇಲೆತ್ತುವ ಉದ್ದೇಶವೂ ಅದಕ್ಕಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ಶೇ. 0.64 ಮಾತ್ರ ಸಂಶೋಧನೆಗೆ ಖರ್ಚಾಗುವ ನಾಡಿನಲ್ಲಿ ಇದು ಬೇಕೇ ಬೇಕಿತ್ತು. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಧಾನಮಂತ್ರಿ. ಉಪಾಧ್ಯಕ್ಷರು ವಿಜ್ಞಾನ ಮತ್ತು ಶಿಕ್ಷಣ ಖಾತೆಗಳ ಮಂತ್ರಿಗಳು. ಇವತ್ತು ಯಾರು ಆ ಕುರ್ಚಿಯಲ್ಲಿದ್ದಾರೆ, ನಾಳೆ ಯಾವ ಪಕ್ಷದವರು ಬರುತ್ತಾರೆ ಎಂಬುದು ನನ್ನ ವಿಷಯವಲ್ಲ. ಧಾರೆ ಎರೆದವನೇ ಹೊಲದೊಳಗೆ ಉಳಿದುಕೊಂಡ ಏರ್ಪಾಡು ಇದು, ಮತ್ತು ಸರಿಯಲ್ಲ.

ಜನ ಆರಿಸಿ ಕಳಿಸಿದವರಿಗೆ ಜನರ ಹಣದ ಮೇಲೆ ಮಾತಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಷ್ಟು ಹಣ, ಯಾವ ಸಂಕಟಕ್ಕೆ ಆದ್ಯತೆ, ಬರಕ್ಕೋ ಕ್ಯಾನ್ಸರಿಗೋ, ಅದನ್ನೆಲ್ಲ ಅವರೇ ನಿರ್ಧರಿಸಲಿ, ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ, ಎಲ್ಲರ ಎದುರು. ಯಾರ ಪ್ರಸ್ತಾವ ಒಳ್ಳೆಯದು ಎಂಬುದನ್ನು ವಿಷಯ ಬಲ್ಲವರು ತೂಗಲಿ. ಫಲಿತಾಂಶ ಏನು ಎಂಬುದನ್ನು ಮಾತ್ರ ಯಾರೂ ನಿರ್ಧರಿಸುವಂತಿಲ್ಲ, ಏಕೆಂದರೆ ಅದನ್ನು ತಿಳಿಯಬೇಕಾದವರೂ ಅದೇ ಜನ. ಘಟಕದ ನೀರು ಕುಡಿಯುವ ತಾಯಿಯ ಹೆಸರಿನಲ್ಲಿ, ಆ ನೀರಿನಲ್ಲಿ ಏನಿದೆ ಎಂಬುದನ್ನು ಅವಳಿಂದಲೇ ಮುಚ್ಚಿಡುವ ಅಧಿಕಾರ ಯಾವ ಚುನಾವಣೆಯೂ ಕೊಡುವುದಿಲ್ಲ.

ಲೆಕ್ಕದ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವನಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ಸ್ಟಾಕ್ ರಿಜಿಸ್ಟರ್ ಬರೆಯದವರನ್ನು, ಒಂದು ಯೋಜನೆಯ ಹಣದಲ್ಲಿ ಇನ್ನೊಂದರ ಕಂಪ್ಯೂಟರ್ ಕೊಂಡವರನ್ನು ಕಂಡಿದ್ದೇನೆ. ಅವರೇ ಸ್ವಾಯತ್ತತೆಯ ಮೊದಲ ಶತ್ರುಗಳು. ಲೆಕ್ಕದಲ್ಲಿ ಒಂದು ತೂತು ಸಿಕ್ಕರೆ ಸಾಕು, ಬಾಯಿ ಮುಚ್ಚಿಸಲು ಅಲ್ಲಿಂದಲೇ ಕೈ ಒಳಗೆ ಬರುತ್ತದೆ. ಬ್ಯಾಂಕಿನಲ್ಲಿ ಬಂದ ಬಡ್ಡಿಯೂ ಸೇರಿ ಪೈಸೆಪೈಸೆಗೆ ಲೆಕ್ಕ ಒಪ್ಪಿಸಿ, ಆಡಿಟ್ ಪ್ಯಾರಾಕ್ಕೆ ಉತ್ತರ ಬರೆಯಿರಿ. ಆ ಪ್ರಾಧ್ಯಾಪಕರು ಇಲಾಖೆಯ ಪತ್ರಕ್ಕೆ ಮಣಿಯದೆ ನಿಲ್ಲಲು ಸಾಧ್ಯವಾದದ್ದು ಅವರ ರಸೀದಿಗಳೆಲ್ಲ ಕಡತದಲ್ಲಿದ್ದುದರಿಂದ.

ಹೊಸದಾಗಿ ಯೋಜನೆ ಪಡೆಯುವ ಕಿರಿಯರಲ್ಲಿ, ಸಿಂಡಿಕೇಟಿನಲ್ಲಿ ಕೂತು ಒಡಂಬಡಿಕೆಗಳಿಗೆ ಒಪ್ಪಿಗೆ ಕೊಡುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಂಜೂರಾತಿ ಪತ್ರದಲ್ಲಿ ಮೊತ್ತ ನೋಡುವ ಮೊದಲು ಷರತ್ತುಗಳ ಪುಟ ತೆಗೆಯಿರಿ. ಅನುದಾನ ಕೊಟ್ಟವರ ಪೂರ್ವಾನುಮತಿ ಇಲ್ಲದೆ ಫಲಿತಾಂಶ ಪ್ರಕಟಿಸಬಾರದು ಎಂಬ ಸಾಲು ಇದ್ದರೆ ಸಹಿ ಹಾಕಬೇಡಿ. ಆ ಸಾಲು ತೆಗೆದು ಹೊಸ ಪತ್ರ ಕಳಿಸಿ ಎಂದು ಕಡತದಲ್ಲೇ ಬರೆದು ವಾಪಸು ಕಳಿಸಿ.